ನೀರಿಗೆ ಬಿಟ್ಟ ಪಾದರಸ

ಕೇಳುಗರಿಗೆ ನಮಸ್ಕಾರ. ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಬೆಳ್ಳಿ ಗುಂಡುಗಳು ಓಡಾಡುವುದನ್ನು ನೋಡಿದ್ದೀರಿ ಅಲ್ವಾ? ಅದೇ ಪಾದರಸ. ಇವತ್ತು ನಾನು ಹೇಳುವುದು ಒಂದೇ ಮಾತು: ನೀರಿಗೆ ಬಿಟ್ಟ ಪಾದರಸ ತಟ್ಟೆಗೆ ವಾಪಸ್ ಬರುತ್ತದೆ.

ಜಪಾನಿನಲ್ಲಿ ಮಿನಮಾಟಾ ಅಂತ ಒಂದು ಊರು. ಕಡಲನ್ನೇ ನಂಬಿದ ಬೆಸ್ತರು. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ ಪಾದರಸ ಸೇರಿದ ಕೊಳೆನೀರನ್ನು ಕಡಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಗಿರಗಿರ ತಿರುಗಿ, ನೆಗೆದು ಬಿದ್ದು ಸಾಯತೊಡಗಿದವು. 1956ರಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ತಂದರು. ನಡೆದರೆ ತೂರಾಡುತ್ತಾಳೆ, ಮಾತು ತೊದಲುತ್ತದೆ. ಕೆಲವೇ ದಿನಕ್ಕೆ ತಂಗಿಗೂ ಅದೇ ಗತಿ.

ಆಸ್ಪತ್ರೆ ಕಾರ್ಖಾನೆಯದ್ದೇ. ಆದರೂ ಅಲ್ಲಿನ ಡಾಕ್ಟರ್ ಹೊಸೊಕಾವಾ ಸುಮ್ನೆ ಕೂರಲಿಲ್ಲ. 1959ರಲ್ಲಿ ಒಂದು ಬೆಕ್ಕಿಗೆ ದಿನಾ ಊಟದಲ್ಲಿ ಆ ಕೊಳೆನೀರನ್ನೇ ಬೆರೆಸಿ ಹಾಕಿಸಿದರು. ಬೆಕ್ಕಿನ ನಂಬರು 400. ಮೂರು ತಿಂಗಳೊಳಗೆ ಅದಕ್ಕೂ ಅದೇ ಸೆಳವು. ಕಂಪನಿಗೆ ಹೇಳಿದರು. ಕಂಪನಿ ಮುಚ್ಚಿಟ್ಟಿತು. ಕೊಳೆನೀರು 1968ರವರೆಗೂ ಹರಿಯಿತು. ಗೊತ್ತಾದ ಮೇಲೂ ಒಂಬತ್ತು ವರ್ಷ! ಇದನ್ನು ಹೇಳುವಾಗಲೆಲ್ಲ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಬಸುರಿ ತಾಯಿ ಮೀನು ತಿಂದಳು, ತಾನು ಗಟ್ಟಿಯಾಗೇ ಇದ್ದಳು. ವಿಷ ಹೋಗಿದ್ದು ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ.

ಅಲ್ಲಿ ಆ ವಿಷ, ಅಂದರೆ ಮೀಥೈಲ್ ಪಾದರಸ, ಕಾರ್ಖಾನೆಯೊಳಗೇ ತಯಾರಾಗುತ್ತಿತ್ತು. ಬೇರೆ ಕಡೆ ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಹಾಗೆ ಮಾರ್ಪಡಿಸುತ್ತವೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ವಿಷ ಕೂಡುತ್ತಾ ಹೋಗುತ್ತದೆ. ಹಾಗಂತ ಮೀನು ಬಿಡಬೇಡಿ. ಬೂತಾಯಿ, ಬಂಗುಡೆ ಧೈರ್ಯವಾಗಿ ತಿನ್ನಿ. ಬಸುರಿಯರು ಶಾರ್ಕ್‌ನಂಥ ದೊಡ್ಡ ಮೀನು ಬಿಟ್ಟರೆ ಸಾಕು.

ಸಮಯ ಜಾಸ್ತಿ ಇಲ್ಲ, ಕಾನೂನಿನ ಬಗ್ಗೆ ಎರಡೇ ಮಾತು. ಆ ಊರಿನ ಹೆಸರಲ್ಲೇ 2013ರಲ್ಲಿ, ಪಾದರಸಕ್ಕೆ ಕಡಿವಾಣ ಹಾಕಲು ದೇಶ ದೇಶಗಳ ನಡುವೆ ಮಿನಮಾಟಾ ಒಪ್ಪಂದ ಆಯಿತು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಕಲ್ಲಿದ್ದಲಿನಲ್ಲೂ ಪಾದರಸ ಇದೆ. ದೊಡ್ಡ ವಿದ್ಯುತ್ ಸ್ಥಾವರಗಳ ಹೊಗೆಗೆ 2015ರಲ್ಲಿ ಕೇಂದ್ರ ಸರ್ಕಾರ ಘನ ಮೀಟರಿಗೆ 0.03 ಮಿಲಿಗ್ರಾಂ ಮಿತಿ ಹಾಕಿತು. ಆದರೆ ಮಿತಿ ಕಾಗದದಲ್ಲಿದ್ದರೆ ಏನು ಬಂತು? ಅಳೆಯಬೇಕು. ಅಳೆದಿದ್ದನ್ನು ಊರಿನವರಿಗೆ ತೋರಿಸಬೇಕು. ಬೆಕ್ಕಿನ ವಿಷಯ ಮಿನಮಾಟಾದವರಿಗೆ ಆಗಲೇ ಗೊತ್ತಾಗಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು!

ಮನೆಯಲ್ಲಿ ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆಗೆಯಿರಿ. ಪೊರಕೆ ಹಿಡಿಯಬೇಡಿ. ದಪ್ಪ ಕಾಗದದಿಂದ ಗುಂಡುಗಳನ್ನು ಒಟ್ಟು ಮಾಡಿ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ. ಬಚ್ಚಲಿಗೆ ಮಾತ್ರ ಸುರಿಯಬೇಡಿ. ನಮಸ್ಕಾರ.