ವೋಟಿನ ದಿನ, ಮತ್ತು ನಾನು ಫಾರ್ವರ್ಡ್ ಮಾಡಿದ ಒಂದು ಮೆಸೇಜ್

ಬೆಳಿಗ್ಗೆ ಆರೂವರೆ. ಶುಕ್ರವಾರ, 2024ರ ಏಪ್ರಿಲ್ 26, ಲೋಕಸಭೆಯ ವೋಟಿನ ದಿನ. ಈಗಲೇ ಎಂಥ ಸೆಕೆ ನೋಡಿ, ಅಮ್ಮ ಸೆರಗಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಮಂಗಳೂರಿನ ಕದ್ರಿಯ ರಸ್ತೆ ಇಷ್ಟು ಖಾಲಿ ಇರುವುದು ಅಪರೂಪ, ಅಲ್ವಾ?

ಇಲ್ಲಿಂದ ಮುಂದೆ ಈ ವಿಡಿಯೊದಲ್ಲಿ ಮತಗಟ್ಟೆಯ ಒಳಗಿನ ದೃಶ್ಯ ಇಲ್ಲ. ಆಗ ಮತಗಟ್ಟೆಯ ನೂರು ಮೀಟರ್ ಒಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಕ್ಯಾಮೆರಾ ತಮ್ಮನ ಕೈಗೆ ಕೊಟ್ಟು ದೂರ ನಿಲ್ಲಿಸಿದೆ. ಒಳಗಿನದ್ದು ಬಾಯಲ್ಲೇ ಹೇಳುತ್ತೇನೆ. ಬಟನ್ ಒತ್ತಿದ ಮೇಲೆ ಮತಯಂತ್ರದ ಜೊತೆಗಿರುವ ವಿವಿಪ್ಯಾಟ್ ಎಂಬ ಪೆಟ್ಟಿಗೆಯ ಗಾಜಿನ ಹಿಂದೆ ಸಣ್ಣ ಚೀಟಿ ಕಾಣುತ್ತದೆ. ನಂಬರ್, ಹೆಸರು, ಚಿಹ್ನೆ. ಏಳು ಸೆಕೆಂಡ್ ಇದ್ದು ಕೆಳಗೆ ಬೀಳುತ್ತದೆ. ಅಮ್ಮ ಬ್ಯಾಗಿಂದ ಕನ್ನಡಕ ತೆಗೆಯುವಷ್ಟರಲ್ಲಿ ಬಿದ್ದೇ ಹೋಯಿತಂತೆ. ದೊಡ್ಡವರನ್ನು ಕರೆದುಕೊಂಡು ಹೋಗುವವರು ಕನ್ನಡಕ ಮೊದಲೇ ಹಾಕಿಸಿ.

ಈಗ ಬರುವುದು ನಮ್ಮ ಕೆಳಗಿನ ಮನೆಯ ಅಕ್ಕ. ಮುಖ ಮಸುಕು ಮಾಡಿದ್ದೇನೆ. ಇದನ್ನು ವಿಡಿಯೊದಲ್ಲಿ ಹೇಳು ಅಂದದ್ದು ಅವರೇ.

ಮದುವೆಯಾಗಿ ಇಲ್ಲಿಗೆ ಬಂದು ಮೂರು ವರ್ಷ. ಹೆಸರು ಇನ್ನೂ ಸುಳ್ಯದ ಪಟ್ಟಿಯಲ್ಲೇ ಉಂಟು. ಊರಿಗೆ ಹೋಗಿ ವೋಟು ಹಾಕುವುದು ಅಂತಲೇ ಇದ್ದರು. ಬುಧವಾರ ಅವರಿಗೆ ಒಂದು ಮೆಸೇಜ್ ಹೋಯಿತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಚುನಾವಣಾ ನಿಯಮ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಿ, ಕೊಡಲೇಬೇಕು ಅಂತ. ಟೆಂಡರ್ ವೋಟ್ ಶೇ 14 ದಾಟಿದರೆ ಮರುಮತದಾನ ಅಂತಲೂ ಇತ್ತು. ಕಳಿಸಿದ್ದು ನಾನು. ಓದಿದೆ, ಒಳ್ಳೆಯ ವಿಷಯ ಅನ್ನಿಸಿತು, ಒತ್ತಿದೆ. ಅವರು ಊರಿಗೆ ಹೋಗುವುದನ್ನು ಬಿಟ್ಟರು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಇಲ್ಲಿ ಒಂದು ಗಂಟೆ ಕ್ಯೂ ನಿಂತರು. ಒಳಗೆ ಸಿಬ್ಬಂದಿ ಪುಟ ತಿರುವಿ ನೋಡಿದರು. ಹೆಸರಿಲ್ಲ, ಹಾಗಾಗಿ ವೋಟಿಲ್ಲ. ಅಕ್ಕ ಮೊಬೈಲಲ್ಲಿದ್ದ ಆ ಮೆಸೇಜನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದರು ಮಾರಾಯ್ರೆ. ಮಡಚಿದ ಚೀಟಿ, ಬೆವರಿಗೆ ಶಾಯಿ ಹರಡಿತ್ತು.

ನಿಜ ಏನು ಅಂತ ಆಮೇಲೆ ಕೂತು ಓದಿದೆ. 49ಎ ಇರುವುದು ಮತಯಂತ್ರ ಹೇಗಿರಬೇಕು ಎಂಬ ಬಗ್ಗೆ. ಚಾಲೆಂಜ್ ಮಾಡುವುದು ಪಕ್ಷದ ಏಜೆಂಟರು, ‘ಇವರು ಅವರಲ್ಲ’ ಅಂತ. ಅದಕ್ಕೆ ಅವರು ಎರಡು ರೂಪಾಯಿ ಕಟ್ಟಬೇಕು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಮೊದಲೇ ವೋಟು ಹಾಕಿದ್ದರೆ ಕಾಗದದ ಮತಪತ್ರ ಕೊಡುತ್ತಾರೆ, ಅದು ಟೆಂಡರ್ ವೋಟ್. ಶೇ 14ರ ನಿಯಮವೇ ಇಲ್ಲ. ಹೆಸರು ಎಲ್ಲಿ ಉಂಟು ಅಂತ ಕೇಳಲು ಚುನಾವಣಾ ಆಯೋಗದ ಸಹಾಯವಾಣಿ 1950ಕ್ಕೆ ಒಂದು ಫೋನ್ ಸಾಕಿತ್ತು.

ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಅಕ್ಕ ಹತ್ತು ಗಂಟೆಗೆ ಬಿಜೈಯಿಂದ ಸುಳ್ಯದ ಬಸ್ ಹತ್ತಿದರು. ಆರು ಗಂಟೆಯವರೆಗೆ ಸಮಯ ಇತ್ತಲ್ಲ.

ಇದು ನಮ್ಮ ಟಿವಿ. ನ್ಯೂಸ್ ನೋಡಲೇಬೇಡಿ ಅಂತ ಹೇಳೋಣ ಅಂತಿದ್ದೆ. ಮಧ್ಯಾಹ್ನಕ್ಕೆ ಮನಸ್ಸು ಬದಲಾಯಿತು. ಒಂದು ಚಾನೆಲ್ ಮತದಾನದ ಶೇಕಡಾವಾರು ಹಾಕುವಾಗ ಮಧ್ಯಾಹ್ನ ಒಂದು ಗಂಟೆವರೆಗಿನ ಲೆಕ್ಕ, ಆಯೋಗ ಕೊಟ್ಟದ್ದು ಅಂತ ಪಕ್ಕದಲ್ಲೇ ಬರೆದಿತ್ತು. ಹಾಗೆ ಹೇಳುವವರನ್ನು ನಾನು ನಂಬುತ್ತೇನೆ. ಅದೇ ಹೊತ್ತಿಗೆ ವಾಟ್ಸಾಪಲ್ಲಿ ‘ಎಕ್ಸಿಟ್ ಪೋಲ್’ ಬಂತು. ಕೊನೆಯ ಹಂತ ಮುಗಿದು ಜೂನ್ 1ರ ಸಂಜೆ ಆರೂವರೆ ಆಗುವವರೆಗೆ ಎಕ್ಸಿಟ್ ಪೋಲ್ ಹಾಕುವುದಕ್ಕೆ ನಿಷೇಧ ಇತ್ತು. ಅಂದ ಮೇಲೆ ಇದನ್ನು ನಂಬುವುದು ಹೇಗೆ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇದೇ ಊರಿಂದ. ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ತಂದದ್ದು. ಅಂಥ ಊರಲ್ಲಿ ಕೂತು ನಾನು ಯಾರು ಬರೆದದ್ದು ಅಂತಲೂ ನೋಡದೆ ಕಳಿಸಿದೆನಲ್ಲ, ಅದು ತುಂಬ ಬೇಜಾರು. ಇರಲಿ, ಬನ್ಸ್ ಬಂತು, ಶಾಟ್ ಮುಗಿಯಿತು.

ಸಂಜೆ ನಮ್ಮ ಗ್ರೂಪಿಗೆ, ನಾನು ಕಳಿಸಿದ್ದು ಸುಳ್ಳು ಅಂತ ಬರೆದೆ. ಎರಡೇ ಉತ್ತರ ಬಂತು. ನಾಳೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

ರಾತ್ರಿ ಎಂಟೂವರೆ. ಅಕ್ಕ ಬಂದರು. ಎಡಗೈ ತೋರುಬೆರಳು ನೋಡಿ, ಉಗುರಿನಿಂದ ಚರ್ಮಕ್ಕೆ ಇಳಿದ ಶಾಯಿ. ಮಗು ಅದನ್ನೇ ಉಜ್ಜುತ್ತಾ ಉಂಟು.