ಖಾಲಿ ಗ್ಯಾಸ್ ಜಾಡಿ ಮತ್ತು ವೆಲ್ಡಿಂಗ್ ಅಂಗಡಿಯ ಬೆಂಕಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ವೆಲ್ಡಿಂಗ್ ಅಂಗಡಿ. ಮಳೆಗಾಲ ಹತ್ತಿರವಾದರೆ ಹಳೆಯ ಗ್ಯಾಸ್ ಜಾಡಿ, ಅಂದರೆ ಸಿಲಿಂಡರ್, ಹೊತ್ತು ಬರುವವರಿದ್ದಾರೆ. ಮೊನ್ನೆಯೂ ಒಬ್ಬ ಹುಡುಗ ಬಂದ. "ಅಣ್ಣ, ಇದನ್ನು ಕೊಯ್ದು ಬಚ್ಚಲಿಗೊಂದು ಒಲೆ ಮಾಡಿಕೊಡಿ. ಖಾಲಿಯಾಗಿ ಎರಡು ವರ್ಷವಾಯಿತು, ಒಳಗೇನೂ ಇಲ್ಲ" ಎಂದ.

ಇದೆ. ಒಲೆ ಆರಿತೆಂದರೆ ಜಾಡಿಯ ಒತ್ತಡ ಮುಗಿಯಿತು ಅಷ್ಟೇ, ಒಳಗೆಲ್ಲ ಆವಿ ಹಾಗೆಯೇ ನಿಂತಿರುತ್ತದೆ. ವಾಲ್ವ್ ತೆರೆದಿದ್ದರೆ ಹಗಲ ಬಿಸಿಲಿಗೆ ಸ್ವಲ್ಪ ಆವಿ ಹೊರಬರುತ್ತದೆ, ರಾತ್ರಿಯ ತಂಪಿಗೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಬರೀ ಗ್ಯಾಸು ಒಳಗೆ ಉರಿಯಲಾರದು. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 2ರಿಂದ 9 ಪಾಲು ಬೆರೆತಾಗ ಗ್ರೈಂಡರಿನ ಒಂದು ಕಿಡಿ ಸಾಕು. ಅಂಗಳದಲ್ಲಿ ಬಾಯಿ ತೆರೆದು ಬಿದ್ದ ಜಾಡಿ ಕಂಡರೆ ನನಗೆ ಹೆದರಿಕೆಯಾಗುವುದು ಇದಕ್ಕೇ. ವಾಸನೆ ನೋಡಿ ಧೈರ್ಯ ಮಾಡಬೇಡಿ. ಗ್ಯಾಸಿಗೆ ಬೆರೆಸಿದ ಆ ವಾಸನೆಯನ್ನು ಒಳಗಿನ ತುಕ್ಕು ಕುಂದಿಸಿಬಿಡುತ್ತದೆ. ತಳದ ಎಣ್ಣೆಜಿಡ್ಡು ಬಿಸಿ ತಾಗಿದೊಡನೆ ಮತ್ತೆ ಆವಿಯಾಗಿ ಏಳುತ್ತದೆ.

ಅಲ್ಲದೆ ಮನೆಯ 14.2 ಕಿಲೋ ಜಾಡಿ ಕಂಪನಿಯ ಸೊತ್ತು. ನಾವು ಕಟ್ಟಿದ್ದು ಠೇವಣಿ ಮಾತ್ರ. ಅದನ್ನು ಕೊಯ್ಯುವ ಹಕ್ಕು ನಮಗಿಲ್ಲ.

ಆಟೋರಿಕ್ಷಾದಿಂದ ಬಿಚ್ಚಿದ ಸ್ವಂತ ಗ್ಯಾಸ್ ಟ್ಯಾಂಕು ಇರಬಹುದು. ಅದರ ಕೆಲಸವೂ ಬಯಲಲ್ಲೇ ಆಗಬೇಕು, ಬಾವಿ, ಸುರಂಗಗಳಿಂದ ದೂರ. ಈ ಗ್ಯಾಸಿನಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ತಗ್ಗು ಕಂಡಲ್ಲಿ ಹೋಗಿ ಕೂರುತ್ತದೆ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಮಗುಚಿ ಗ್ಯಾಸು ಹೊತ್ತಿದ ದಿನವನ್ನು ನಮ್ಮ ಕಡೆಯವರು ಮರೆತಿಲ್ಲ. ವಾಲ್ವನ್ನು ಬಿಸಿ ಮಾಡದೆ ಸ್ಪ್ಯಾನರಿನಿಂದಲೇ ಬಿಚ್ಚಬೇಕು. ಬಿಗಿದಿದ್ದರೆ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯಬೇಡಿ. ಆಮೇಲೆ ಕಂಠದವರೆಗೆ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಬೇಕು. ಕೊಯ್ಯುವಾಗಲೂ ಕೊಯ್ಯುವ ಗೆರೆಯ ಕೆಳಗಿನವರೆಗೆ ನೀರು ಇರಲೇಬೇಕು, ಹಬೆ ಹೋಗಲು ಮೇಲಿನ ಬಾಯಿ ತೆರೆದೇ ಇರಬೇಕು. ತೊಳೆದು, ನೀರು ಚೆಲ್ಲಿ, ಒಣಗಿದ ಟ್ಯಾಂಕಿಗೆ ಬೆಂಕಿ ಹಿಡಿದರೆ ತೊಳೆದೂ ಪ್ರಯೋಜನವಿಲ್ಲ. ಬೆಸುಗೆ ಬಿದ್ದ ಟ್ಯಾಂಕಿಗೆ ಮತ್ತೆಂದೂ ಗ್ಯಾಸ್ ತುಂಬಿಸಬಾರದು. ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಕೆಲಸ ಒಪ್ಪಿಕೊಳ್ಳುವುದು ತೀರಾ ಅಪರೂಪ.

ಜಾಡಿಯಿಂದ ಒಲೆಗೆ ಗ್ಯಾಸ್ ಒಯ್ಯುವ ತಾಮ್ರದ ಪೈಪಿನ ಬೆಸುಗೆ ಬಗ್ಗೆಯೂ ಒಂದು ಮಾತು. ಪೈಪನ್ನು ಜಾಡಿಯಿಂದಲೂ ಒಲೆಯಿಂದಲೂ ಬಿಡಿಸಿ, ವಾಲ್ವ್, ವಾಷರ್ ತೆಗೆದು, ಊದಿ ಖಾಲಿ ಮಾಡಿದ ಮೇಲೆಯೇ ಬಿಸಿ ಮಾಡಿ. ಸೀಸ-ತವರದ ಬೆಸುಗೆ ಗ್ಯಾಸಿಗೆ ಬೇಡ, 190 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಬೆಳ್ಳಿ ಬೆರೆಸಿದ ಗಟ್ಟಿ ಬೆಸುಗೆ ಹಾಕಿಸಿ. ಜೋಡಿಸಿದ ಮೇಲೆ ಸೋರಿಕೆ ನೋಡಲು ಸಾಬೂನಿನ ನೊರೆ ಹಚ್ಚಿ. ಬೆಂಕಿಕಡ್ಡಿ ಗೀರುವವರನ್ನು ಈಗಲೂ ಕಾಣುತ್ತೇನೆ, ಎದೆ ಝಲ್ಲೆನ್ನುತ್ತದೆ.

ಆ ಹುಡುಗನಿಗೆ ದಪ್ಪ ಕಬ್ಬಿಣದ ಹಾಳೆ ಬಾಗಿಸಿ ಒಲೆ ಮಾಡಿಕೊಟ್ಟೆ. ಜಾಡಿಯನ್ನು ಅವನೇ ಗ್ಯಾಸ್ ಏಜೆನ್ಸಿಗೆ ಒಯ್ದುಕೊಟ್ಟು ಬಂದ.

ನಮಸ್ಕಾರ.