ಅನುಕಂಪಕ್ಕೆ ಪಕ್ಷ ಉಂಟೇ?

ಕೇಳುಗರಿಗೆ ನಮಸ್ಕಾರ.

ರಾಜಕೀಯ ವಾಗ್ವಾದ ಕಾವೇರಿದಾಗ ಎರಡೂ ಕಡೆಯಿಂದ ತಪ್ಪದೆ ಕೇಳಿಬರುವ ದೂರೊಂದಿದೆ: ಎದುರು ಬಣದವರಿಗೆ ಕರುಣೆಯೇ ಇಲ್ಲ ಎಂಬುದು. ಬಡವರ ಹೊಣೆಯನ್ನು ಸರ್ಕಾರವೇ ಹೊರಬೇಕೆನ್ನುವವರು, ತೆರಿಗೆ ಇಳಿಸಬೇಕೆನ್ನುವವರನ್ನು ಕಲ್ಲೆದೆಯವರೆಂದು ಜರೆಯುತ್ತಾರೆ. ಅವರೋ, ಊರವರ ದುಡ್ಡಿನಲ್ಲಿ ಧರ್ಮಿಷ್ಠರಾಗುವುದು ಸುಲಭ, ನಿಮ್ಮ ಸ್ವಂತ ಜೇಬಿನಿಂದ ಎಷ್ಟು ಕೊಟ್ಟಿರಿ ಎಂದು ತಿರುಗಿ ಕೇಳುತ್ತಾರೆ.

ಅಮೆರಿಕದ ವಿದ್ವಾಂಸರು ಈ ಪ್ರಶ್ನೆಗೆ ಲೆಕ್ಕದಲ್ಲಿಯೇ ಉತ್ತರ ಹುಡುಕಿದ್ದಾರೆ. ಸಂಪ್ರದಾಯವಾದಿಗಳೇ ಹೆಚ್ಚು ದಾನಶೀಲರೆಂದು ಆರ್ಥರ್ ಬ್ರೂಕ್ಸ್ 2006ರಲ್ಲಿ ವಾದಿಸಿದರು. ಆದರೆ ಅವರ ವಾದಕ್ಕೆ ಬಲ ಬಂದದ್ದು ರಾಜಕೀಯ ನಿಲುವಿಗಿಂತ ಹೆಚ್ಚಾಗಿ ಧಾರ್ಮಿಕ ನಿಷ್ಠೆಯಿಂದ. ಮುಂದೆ ಮಿಷೆಲ್ ಮಾರ್ಗೋಲಿಸ್ ಮತ್ತು ಮೈಕೆಲ್ ಸ್ಯಾನ್ಸಸ್ ಪರಿಶೀಲಿಸಿದಾಗ ಎರಡೂ ಬಣಗಳ ದಾನ ಹೆಚ್ಚುಕಡಿಮೆ ಸಮವೆಂದು ಕಂಡುಬಂತು. ಒಂದು ಬಣದ ಹಣ ಹೆಚ್ಚಾಗಿ ತಮ್ಮದೇ ಚರ್ಚಿನಂತಹ ಧಾರ್ಮಿಕ ಸಂಸ್ಥೆಗಳಿಗೆ ಹೋಗುತ್ತಿತ್ತು, ಇನ್ನೊಂದು ಬಣದ್ದು ಧರ್ಮೇತರ ಸಂಸ್ಥೆಗಳಿಗೆ. ಕರುಣೆ ಯಾರ ಗುತ್ತಿಗೆಯೂ ಅಲ್ಲವೆನ್ನಲು ಇಷ್ಟು ಸಾಕು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆ ಕರುಣೆಯ ಸ್ವಭಾವ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್, ಪ್ರಶ್ನಾವಳಿ ತುಂಬಿದವರ ಕೈಗೆ 5 ಡಾಲರ್ ಸಂಭಾವನೆಯಿತ್ತು, ಅದರಲ್ಲಿ ಇಷ್ಟವಿದ್ದಷ್ಟನ್ನು ಹಸಿವಿನಿಂದ ನರಳುವವರಿಗೆ ಕೊಡಬಹುದೆಂದರು. ಮಾಲಿ ದೇಶದ 7 ವರ್ಷದ ಒಬ್ಬ ಬಾಲಕಿಯ ಚಿತ್ರ ಮತ್ತು ಕಥೆಯನ್ನು ಕಂಡವರು ಸರಾಸರಿ 2.38 ಡಾಲರ್ ಕೊಟ್ಟರೆ, ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರು ಕೊಟ್ಟದ್ದು ಕೇವಲ 1.14 ಡಾಲರ್. ವಿಚಿತ್ರವೆಂದರೆ, ಬಾಲಕಿಯ ಚಿತ್ರದ ಜೊತೆಗೆ ಅಂಕಿಅಂಶವನ್ನೂ ಕೊಟ್ಟಾಗ ದಾನ 1.43 ಡಾಲರಿಗೆ ಇಳಿಯಿತು. ಸಂಕಟ ಎಷ್ಟು ದೊಡ್ಡದೆಂದು ತಿಳಿದಷ್ಟೂ ಮನಸ್ಸು ಹಿಂಜರಿಯಿತು!

ಮುಖ ಕಂಡಾಗ ಮಾತ್ರ ಕರಗುವ ಈ ಮನಸ್ಸು ರಾಜಕೀಯಕ್ಕೆ ಬಂದಾಗ ತನ್ನವರ ಮುಖವನ್ನೇ ಮೊದಲು ಕಾಣುವುದರಲ್ಲಿ ಆಶ್ಚರ್ಯವೇನಿದೆ? ಎಲಿಜಬೆತ್ ಸೈಮಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅನುಕಂಪದ ಸ್ವಭಾವ ಹೆಚ್ಚಿರುವವರಲ್ಲಿಯೇ ಪಕ್ಷಾಭಿಮಾನದ ಪೂರ್ವಗ್ರಹವೂ ಹೆಚ್ಚಾಗಿತ್ತು. ಜನರಲ್ಲಿ ಅನುಕಂಪ ಬೆಳೆಸಿದರೆ ರಾಜಕೀಯದ ಕಹಿ ತಾನಾಗಿಯೇ ಇಳಿಯುತ್ತದೆಂಬ ಜನಪ್ರಿಯ ಉಪದೇಶವನ್ನು ನಾನು ಪೂರ್ತಿ ನಂಬದಿರುವುದು ಇದರಿಂದಲೇ.

ಹೀಗೆ ನೋಡಿದರೆ, ತೆರಿಗೆಯೋ ದಾನವೋ ಎಂಬ ಜಗಳದಲ್ಲಿ ಎರಡೂ ಕಡೆಯವರ ಬಳಿ ಒಂದೊಂದು ನಿಜವಿದೆ. ನಿಯಮದಂತೆ ಹಂಚುವ ಸರ್ಕಾರಕ್ಕೆ ಯಾರ ಚಿತ್ರವೂ ಬೇಕಿಲ್ಲ, ಆದರೆ ನಿಯಮದ ಸಂದಿಯಲ್ಲಿ ಬಿಟ್ಟುಹೋದವರು ಅದಕ್ಕೆ ಕಾಣುವುದಿಲ್ಲ. ದಾನಿಗೆ ಅವರು ಕಾಣಬಹುದು, ಆದರೆ ಸರದಿಯಲ್ಲಿ ಅವರಿಗಿಂತ ಮುಂದಿರುವವರು ಕಾಣುವುದಿಲ್ಲ. ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಗಂಭೀರ ಕಾಯಿಲೆಯ ಬಾಲಕಿಯೊಬ್ಬಳ ಸಂದರ್ಶನ ಕೇಳಿ ಅವಳ ನೋವನ್ನು ಊಹಿಸಿಕೊಂಡವರಲ್ಲಿ ಬಹುಪಾಲು ಜನ, ಅವಳಿಗಿಂತ ಹೆಚ್ಚು ಅಗತ್ಯವಿದ್ದ ಮಕ್ಕಳನ್ನು ದಾಟಿಸಿ ಅವಳನ್ನು ಕಾಯುವ ಪಟ್ಟಿಯಲ್ಲಿ ಮೇಲಕ್ಕೆ ತಂದರು. ಹಾಗೆ ಪಕ್ಷಪಾತ ತೋರುವುದು ಅಷ್ಟು ನ್ಯಾಯವಲ್ಲವೆಂದು, ಉಳಿದವರಂತೆ, ಅವರೂ ಒಪ್ಪಿದ್ದರು.